ಮನಸ್ಸು ಏನೆಂದಿತು? ಸಿಬಿಟಿ ಕನ್ನಡ ಕಲಿಯಬೇಕಾದ ಬಗೆ

ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆಯಾಗಿರುವ ಗೆಳತಿ ಒಂದು ಸಂಜೆ ನನ್ನ ಕೈಗೆ ಹಾಳೆಯೊಂದನ್ನು ಕೊಟ್ಟು, ‘ಇದನ್ನು ಕನ್ನಡಕ್ಕೆ ಮಾಡಿಕೊಡು’ ಎಂದಳು. ಐದು ಅಂಕಣಗಳ ಹಾಳೆ ಅದು. ಏನು ನಡೆಯಿತು, ಆಗ ಯಾವ ಭಾವನೆ ಬಂತು ಮತ್ತು ಅದು ನೂರಕ್ಕೆ ಎಷ್ಟು, ತಲೆಯಲ್ಲಿ ಓಡಿದ ಆಲೋಚನೆ ಯಾವುದು, ಆ ಆಲೋಚನೆಯ ಪರವಾಗಿ ಮತ್ತು ವಿರುದ್ಧವಾಗಿ ಇರುವ ಸಾಕ್ಷ್ಯಗಳೇನು, ಎಲ್ಲವನ್ನೂ ತೂಗಿ ನೋಡಿದ ಮೇಲೆ ಉಳಿಯುವ ಆಲೋಚನೆ ಏನು. ಯೋಚನೆ ಮತ್ತು ನಡವಳಿಕೆಯ ದಾರಿಯಿಂದ ಮನಸ್ಸಿಗೆ ಕೊಡುವ ಮಾತಿನ ಚಿಕಿತ್ಸೆಯಾದ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ ಮಾಡುವವರ ಮೇಜಿನ ಮೇಲೆ ಈ ಹಾಳೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಅರ್ಧ ಗಂಟೆಯಲ್ಲಿ ‘ಸ್ವಯಂಚಾಲಿತ ಆಲೋಚನೆ’, ‘ಸಾಕ್ಷ್ಯ’, ‘ಸಮತೋಲಿತ ಆಲೋಚನೆ’ ಎಂದೆಲ್ಲ ಬರೆದುಕೊಟ್ಟೆ. ನಿಘಂಟು ನೋಡಿದರೆ ಅದರಲ್ಲಿ ಒಂದು ತಪ್ಪೂ ಸಿಗುವುದಿಲ್ಲ.

ಹದಿನೈದು ದಿನಗಳ ಮೇಲೆ ಹಾಳೆ ವಾಪಸು ಬಂತು. ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ತಲೆನೋವು, ನಿದ್ದೆಗೇಡು, ಎದೆ ಹಿಂಡಿದಂತಾಗುತ್ತದೆ ಎಂದು ವರ್ಷದಿಂದ ಆಸ್ಪತ್ರೆಗಳನ್ನು ಸುತ್ತುತ್ತಿದ್ದರು. ಇಸಿಜಿ, ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲವೂ ಸರಿಯಾಗಿದ್ದವು. ಕೊನೆಗೆ ಗೆಳತಿಯ ಕೋಣೆಗೆ ಬಂದರು. ಮೂರನೆಯ ಭೇಟಿಯಲ್ಲಿ ಬಾಯಿ ಬಿಟ್ಟರು: ಗಂಡ ಹೋದ ಮೇಲೆ ಆ ಮನೆಗೆ ತಾನು ಭಾರ, ಸೊಸೆ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ. ಗೆಳತಿ ಹಾಳೆ ತೆಗೆದು ಒಂದೊಂದೇ ಅಂಕಣ ಓದುತ್ತ ನಾಲ್ಕನೆಯದಕ್ಕೆ ಬಂದಳು. ‘ಇದಕ್ಕೆ ಸಾಕ್ಷಿ ಏನಿದೆ ಅಮ್ಮ?’ ಆಕೆ ಸೆರಗು ಎಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಮಗೂ ಅನಿಸಿತೇ ಡಾಕ್ಟರಮ್ಮ?’ ಎಂದರು.

‘ನಿಮಗೂ’ ಎಂಬ ಆ ಮಾತಿನ ಕೊನೆಯ ಅಕ್ಷರದಲ್ಲಿ ಇಡೀ ವರ್ಷದ ಕಥೆ ಇದೆ. ಮನೆಯವರು ನಂಬಲಿಲ್ಲ, ಯಂತ್ರಗಳು ನಂಬಲಿಲ್ಲ, ಈಗ ನೀವೂ ನಂಬಲಿಲ್ಲ. ಗೆಳತಿ ಕೇಳಿದ್ದು ಪಠ್ಯಪುಸ್ತಕದಲ್ಲಿರುವ ಪ್ರಶ್ನೆಯನ್ನೇ. ಇಬ್ಬರು ಒಟ್ಟಿಗೆ ಕುಳಿತು ಒಂದು ಒಗಟನ್ನು ಬಿಡಿಸುವ ದನಿಯಲ್ಲಿ ಅದನ್ನು ಕೇಳಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಸಾಕ್ಷಿ ಎಂಬ ಪದ ನಮ್ಮ ಹಳ್ಳಿಗಳಿಗೆ ಬಂದಿರುವುದು ಕೋರ್ಟಿನಿಂದ, ಪೊಲೀಸ್ ಠಾಣೆಯಿಂದ, ಆಸ್ತಿ ಜಗಳದಿಂದ. ಆ ಪದ ಕಿವಿಗೆ ಬಿದ್ದೊಡನೆ ಮನುಷ್ಯ ಕಟಕಟೆಯಲ್ಲಿ ನಿಂತುಬಿಡುತ್ತಾನೆ. ಅಂದಿನಿಂದ ಈ ವಿಷಯ ನನ್ನ ಬೆನ್ನು ಬಿಟ್ಟಿಲ್ಲ. ಒಂದು ಸಂಸ್ಕೃತಿಯಲ್ಲಿ ಹುಟ್ಟಿದ ಮನಸ್ಸಿನ ಚಿಕಿತ್ಸೆಯನ್ನು ಇನ್ನೊಂದಕ್ಕೆ ತರುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು? ಹಾಳೆಯನ್ನು ಅನುವಾದಿಸುವುದು ಈ ಕೆಲಸದಲ್ಲಿ ತೀರ ಸಣ್ಣ ಭಾಗ. ಕೇಳುವ ಪ್ರಶ್ನೆಯನ್ನೇ ಬದಲಿಸಬೇಕಾಗುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಸಿಬಿಟಿಯ ತಿರುಳು ಸರಳವಾಗಿದೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯ ಆ್ಯರನ್ ಬೆಕ್, ಖಿನ್ನತೆಯ ರೋಗಿಗಳ ತಲೆಯಲ್ಲಿ ಕ್ಷಣಮಾತ್ರ ಮಿಂಚಿ ಮರೆಯಾಗುವ ಯೋಚನೆಗಳನ್ನು ಗಮನಿಸಿದರು. ‘ನನ್ನಿಂದ ಏನೂ ಆಗುವುದಿಲ್ಲ’, ‘ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ’ ಎಂಬಂಥವು. ಯೋಚನೆ ಭಾವನೆಯನ್ನು ಎಬ್ಬಿಸುತ್ತದೆ, ಭಾವನೆ ಮೈಯನ್ನು ಹಿಡಿಯುತ್ತದೆ, ಮೈ ಸೋತವನು ಮೂಲೆ ಸೇರುತ್ತಾನೆ, ಮೂಲೆ ಸೇರಿದವನಿಗೆ ಅದೇ ಯೋಚನೆ ಇನ್ನಷ್ಟು ನಿಜವಾಗಿ ಕಾಣುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯುವುದು ಚಿಕಿತ್ಸೆ. ಬೆಕ್‌ಗಿಂತ ಸ್ವಲ್ಪ ಮೊದಲೇ ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಎಲ್ಲಿಸ್ ಇದೇ ದಾರಿ ಹಿಡಿದಿದ್ದರು. ಹಗ್ಗವನ್ನು ಹಾವೆಂದು ಕಂಡು ಬೆವರುವವನ ಕಥೆ ಕೇಳುತ್ತ ಬೆಳೆದ ನಮಗೆ ಈ ತಿರುಳು ಪರಕೀಯವೇನೂ ಅಲ್ಲ. ಬೆವರು ನಿಜ, ಎದೆಬಡಿತ ನಿಜ, ಹಾವು ಮಾತ್ರ ಇಲ್ಲ. ದೀಪ ತಂದು ನೋಡಬೇಕು.

ತಿರುಳಿನ ಸುತ್ತ ಸಿಪ್ಪೆಯೂ ಇದೆ. ಚಿಕಿತ್ಸೆಗೆ ಬರುವವನು ತನ್ನ ಬದುಕಿನ ತೀರ್ಮಾನವನ್ನು ತಾನೇ ಮಾಡುವ ಒಂಟಿ ವ್ಯಕ್ತಿ; ಆತ ಓದುಬರಹ ಬಲ್ಲವನು; ಯೋಚನೆ ಬೇರೆ, ಭಾವನೆ ಬೇರೆ ಎಂದು ವಿಂಗಡಿಸಬಲ್ಲವನು; ವೈದ್ಯರೊಂದಿಗೆ ಸರಿಸಮಾನವಾಗಿ ಚರ್ಚಿಸಬಲ್ಲವನು; ಅನಿಸಿದ್ದನ್ನು ನೇರವಾಗಿ ಮುಖಕ್ಕೆ ಹೇಳುವುದು ಆರೋಗ್ಯದ ಲಕ್ಷಣ. ಇವನ್ನು ಯಾರೂ ಸಾಬೀತು ಮಾಡಿದ್ದಲ್ಲ. ಆ ಊರಿನಲ್ಲಿ ಅವು ಗಾಳಿಯಲ್ಲೇ ಇದ್ದವು, ಹಾಗಾಗಿ ಚಿಕಿತ್ಸೆಯ ಒಳಗೂ ಬಂದು ಕುಳಿತವು.

ಈ ಚರ್ಚೆ ನಮಗೆ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು, 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡಬಹುದು. ಮೊಬೈಲ್ ಆ್ಯಪ್‌ಗಳ ಮೂಲಕ ಸಮಾಲೋಚನೆ ಮಾರುವ ಕಂಪನಿಗಳೂ ಬಂದಿವೆ. ಬಾಗಿಲುಗಳು ತೆರೆಯುತ್ತಿವೆ. ಆದರೆ ಬಾಗಿಲ ಒಳಗೆ ಕುಳಿತವರು ತಮ್ಮ ವಿದ್ಯೆಯನ್ನು ಕಲಿತದ್ದು ಇಂಗ್ಲಿಷಿನಲ್ಲಿ, ಪರೀಕ್ಷೆ ಬರೆದದ್ದು ಇಂಗ್ಲಿಷಿನಲ್ಲಿ. ಎದುರಿಗಿರುವವರು ಅಳುವುದು ಕನ್ನಡದಲ್ಲಿ, ತುಳುವಿನಲ್ಲಿ, ದಖನಿಯಲ್ಲಿ, ಲಂಬಾಣಿಯಲ್ಲಿ.

ಭಾಷೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನಗೆ ಹೆಚ್ಚು ಕಲಿಸಿದ್ದು ಅದೇ. ಸಿಬಿಟಿಯ ಹಾಳೆಯಲ್ಲಿ ಭಾವನೆಗೆ ಒಂದು ಅಂಕಣ, ಯೋಚನೆಗೆ ಇನ್ನೊಂದು. ‘ನನಗೆ ಯಾರೂ ಇಲ್ಲ ಅನಿಸುತ್ತದೆ’ ಎಂಬ ವಾಕ್ಯವನ್ನು ಯಾವುದಕ್ಕೆ ಹಾಕುತ್ತೀರಿ? ಕನ್ನಡದ ‘ಅನಿಸುತ್ತದೆ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇದು ಭಾವನೆಯಲ್ಲ, ಯೋಚನೆ ಎಂದು ತಿದ್ದಲು ಪುಸ್ತಕ ಹೇಳುತ್ತದೆ. ತಿದ್ದಿಸಿಕೊಂಡ ಮನುಷ್ಯನಿಗೆ ತನ್ನ ಮಾತೇ ತಪ್ಪಾಯಿತೇನೋ ಎಂಬ ಅಳುಕು ಹುಟ್ಟುತ್ತದೆ, ಮುಂದಿನ ಸಲ ಕಡಿಮೆ ಮಾತನಾಡುತ್ತಾನೆ. ‘ಬೇಜಾರು’ ಎಂಬ ಪದವನ್ನು ನೋಡಿ. ಕೆಲಸವಿಲ್ಲದೆ ಕುಳಿತರೂ ಬೇಜಾರು, ತಂಗಿ ಮಾತು ಬಿಟ್ಟರೂ ಬೇಜಾರು, ಬದುಕುವುದೇ ಬೇಡ ಅನಿಸಿದರೂ ಬೇಜಾರು. ‘ಖಿನ್ನತೆ’ ಪತ್ರಿಕೆಯಲ್ಲಿ ಅಚ್ಚಾಗುವ ಪದ. ತನ್ನ ಬಗ್ಗೆ ಹೇಳಿಕೊಳ್ಳುವಾಗ ‘ನನಗೆ ಖಿನ್ನತೆ’ ಎನ್ನುವವರು ಅಪರೂಪ. ಹಾಗಾಗಿ ಬೇಜಾರು ಎಂದವರನ್ನು ‘ಎಂಥ ಬೇಜಾರು? ಊಟ ಸೇರುತ್ತದೆಯೇ? ಮೊಮ್ಮಗು ಬಂದು ತೊಡೆಯ ಮೇಲೆ ಕುಳಿತರೆ ಹೋಗುವ ಬೇಜಾರೋ, ಹೋಗದ್ದೋ?’ ಎಂದು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು.

ಇದೇ ಭಾಷೆ ಬೇರೊಂದು ಕಡೆ ಚಿಕಿತ್ಸೆಯ ಅರ್ಧ ಕೆಲಸವನ್ನು ತಾನೇ ಮಾಡಿಟ್ಟಿದೆ. ಕನ್ನಡದಲ್ಲಿ ಕೋಪ ಬರುತ್ತದೆ, ಭಯ ಆಗುತ್ತದೆ, ದುಃಖ ಉಮ್ಮಳಿಸುತ್ತದೆ, ಯೋಚನೆ ಹತ್ತಿಕೊಳ್ಳುತ್ತದೆ. ಇವೆಲ್ಲ ‘ನನಗೆ’ ಆಗುವ ಸಂಗತಿಗಳು. ನಾನೇ ಕೋಪ, ನಾನೇ ದುಃಖ ಎಂದು ನಮ್ಮ ವ್ಯಾಕರಣ ಹೇಳುವುದಿಲ್ಲ. ಬಂದದ್ದನ್ನು ಬಂದದ್ದೆಂದು ನೋಡಿ, ಅದು ಹೋಗಲೂಬಹುದು ಎಂದು ಗುರುತಿಸುವುದಕ್ಕೆ ಇಂಗ್ಲಿಷ್ ಮಾತನಾಡುವ ರೋಗಿಗೆ ಹಲವು ವಾರ ಅಭ್ಯಾಸ ಮಾಡಿಸುತ್ತಾರೆ. ನಮ್ಮಲ್ಲಿ ಅದು ಚತುರ್ಥಿ ವಿಭಕ್ತಿಯಲ್ಲೇ ಇದೆ. ಮನಸ್ಸು ನಮ್ಮ ಮಾತಿನಲ್ಲಿ ಮುನಿಯುತ್ತದೆ, ಒಪ್ಪುವುದಿಲ್ಲ, ತಡೆಯುವುದಿಲ್ಲ, ಹೇಳುತ್ತದೆ. ವಚನಕಾರರೂ ದಾಸರೂ ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಗದರಿದ್ದಾರೆ, ಬೇಡಿಕೊಂಡಿದ್ದಾರೆ, ಕೋತಿ ಎಂದಿದ್ದಾರೆ. ಗೆಳತಿಯ ಹಾಳೆಯಲ್ಲಿ ‘ಸ್ವಯಂಚಾಲಿತ ಆಲೋಚನೆ’ ಎಂದು ನಾನು ಬರೆದ ಜಾಗದಲ್ಲಿ ಈಗ ‘ಆಗ ಮನಸ್ಸು ಏನೆಂದಿತು?’ ಎಂದಿದೆ. ಭಾವನೆಯ ಅಂಕಣದಲ್ಲಿ ‘ಆಗ ಮೈಗೆ ಏನಾಯಿತು?’ ಎಂದಿದೆ. ಎರಡೂ ಪ್ರಶ್ನೆಗಳಿಗೆ ಜನ ತಡವರಿಸದೆ ಉತ್ತರಿಸುತ್ತಾರೆ ಎಂದು ಆಕೆ ಹೇಳುತ್ತಾಳೆ.

ಮೈಯ ಪ್ರಶ್ನೆ ಚಿಕ್ಕದಲ್ಲ. ಹೊಟ್ಟೆಯಲ್ಲಿ ಸಂಕಟ, ಕರುಳು ಕಿವುಚಿದಂತೆ, ತಲೆ ಜುಂ ಎನ್ನುವುದು, ಕೈಕಾಲು ಸೋಲುವುದು, ಜೀವ ಹಿಂಡುವುದು. ನಮ್ಮ ಜನ ದುಃಖವನ್ನು ಮೈಯ ಮೂಲಕ ಹೇಳುತ್ತಾರೆ. ಭಾವನೆಗೆ ಪದ ಸಿಗದವರು ಮೈಯ ಹೆಸರು ಹೇಳುತ್ತಾರೆ ಎಂಬ ಹಳೆಯ ವಿವರಣೆಯಲ್ಲಿ ಸ್ವಲ್ಪ ದರ್ಪ ಇದೆ ಎಂದು ನನಗೆ ಅನಿಸುತ್ತದೆ. ಕರುಳು ಕಿವುಚಿತು ಎನ್ನುವ ಭಾಷೆಗೆ ಪದಗಳ ಬಡತನ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ ಕಾಂಬೋಡಿಯಾದ ನಿರಾಶ್ರಿತರೊಂದಿಗೆ ಕೆಲಸ ಮಾಡಿದ ಮನೋವೈದ್ಯ ಡೆವನ್ ಹಿಂಟನ್ ಇದನ್ನು ಸರಿಯಾಗಿ ಹಿಡಿದರು. ಪೋಲ್ ಪಾಟ್ ಆಡಳಿತದ ನರಕವನ್ನು ದಾಟಿ ಬಂದ ಆ ಜನ, ಮೈಯೊಳಗೆ ‘ಖ್ಯಾಲ್’ ಎಂಬ ಗಾಳಿ ಮೇಲೇರಿ ಕತ್ತಿನ ನರಗಳನ್ನು ಒಡೆಯುತ್ತದೆ ಎಂದು ಹೆದರುತ್ತಿದ್ದರು. ಕತ್ತು ಸ್ವಲ್ಪ ನೋಯಿತೆಂದರೆ ಸಾವು ಬಂತೆಂಬ ಭಯ, ಭಯದಿಂದ ಎದೆಬಡಿತ, ಎದೆಬಡಿತದಿಂದ ಗಾಳಿ ಏರಿತೆಂಬ ಖಾತ್ರಿ. ಗಾಳಿ ಎಂಬುದೆಲ್ಲ ಇಲ್ಲ ಎಂದು ವಾದಿಸುವ ಬದಲು ಹಿಂಟನ್ ಆ ನಂಬಿಕೆಯ ಒಳಗಿನಿಂದಲೇ ಚಿಕಿತ್ಸೆಯನ್ನು ಕಟ್ಟಿದರು. ‘ವಾಯು ಎದೆಗೆ ಹೊಡೆದಿದೆ’, ‘ಗ್ಯಾಸ್ ತಲೆಗೆ ಏರಿದೆ’ ಎಂದು ರಾತ್ರಿ ಹನ್ನೊಂದಕ್ಕೆ ತುರ್ತು ಚಿಕಿತ್ಸಾ ಘಟಕಕ್ಕೆ ಓಡಿ ಬರುವ ನಮ್ಮವರನ್ನು ಕಂಡವರಿಗೆ ಕಾಂಬೋಡಿಯಾ ದೂರವೆನಿಸುವುದಿಲ್ಲ.

ಗಾದೆಗಳ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. ಸಿಬಿಟಿ ಪಟ್ಟಿ ಮಾಡುವ ಯೋಚನೆಯ ತಪ್ಪುಗಳಿಗೆಲ್ಲ ಕನ್ನಡದಲ್ಲಿ ಸಿದ್ಧ ಹೆಸರುಗಳಿವೆ. ಸಣ್ಣದನ್ನು ದೊಡ್ಡದು ಮಾಡುವುದಕ್ಕೆ ಕಡ್ಡಿಯನ್ನು ಗುಡ್ಡ ಮಾಡುವುದು. ಒಂದು ಅನುಭವವನ್ನು ಎಲ್ಲಕ್ಕೂ ಹಚ್ಚುವುದಕ್ಕೆ ಹಾಲು ಕುಡಿದು ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುವುದು. ಎಲ್ಲವನ್ನೂ ತನ್ನ ಮೇಲೆ ಎಳೆದುಕೊಳ್ಳುವುದಕ್ಕೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು. ಕೆಟ್ಟದ್ದನ್ನು ಮಾತ್ರ ಕಾಣುವುದಕ್ಕೆ ಕಾಮಾಲೆ ಕಣ್ಣು. ತರಬೇತಿಯಲ್ಲಿ ಇವನ್ನು ಹೇಳಿದರೆ ಎಲ್ಲರ ಮುಖವೂ ಅರಳುತ್ತದೆ. ಆದರೆ ಗಾದೆ ನಮ್ಮಲ್ಲಿ ಬಾಯಿ ಮುಚ್ಚಿಸುವುದಕ್ಕೂ ಬಳಕೆಯಾಗುತ್ತದೆ. ಅಳುತ್ತಿರುವ ಸೊಸೆಗೆ ‘ಕಡ್ಡಿಯನ್ನು ಗುಡ್ಡ ಮಾಡಬೇಡ’ ಎಂದು ಮನೆಯಲ್ಲಿ ನೂರು ಸಲ ಹೇಳಿರುತ್ತಾರೆ. ಚಿಕಿತ್ಸಕಿಯೂ ಅದನ್ನೇ ಹೇಳಿದರೆ ಆಕೆಗೆ ಕೇಳಿಸುವುದು ಅತ್ತೆಯ ದನಿ. ಗಾದೆಯನ್ನು ರೋಗಿಯೇ ತಂದರೆ ಅದು ಚಿನ್ನ. ನಾವೇ ತೂರಿದರೆ ಕಲ್ಲು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸಿಬಿಟಿ ಹಗ್ಗ-ಹಾವಿನ ಚಿಕಿತ್ಸೆ. ಹಾವು ನಿಜವಾಗಿಯೂ ಇದ್ದರೆ?

ನಮ್ಮಲ್ಲಿ ನೋವು ಕೊಡುವ ಯೋಚನೆಗಳಲ್ಲಿ ಎಷ್ಟೋ ನಿಜವಾಗಿರುತ್ತವೆ. ಹೊಸದಾಗಿ ಬೆಂಗಳೂರಿನ ಕಾಲೇಜು ಸೇರಿದ ದಲಿತ ವಿದ್ಯಾರ್ಥಿಯೊಬ್ಬ ‘ಊರು ಯಾವುದು, ಅಪ್ಪನ ಪೂರ್ತಿ ಹೆಸರೇನು ಎಂದು ಕೇಳುವ ನೆಪದಲ್ಲಿ ನನ್ನ ಜಾತಿ ಅಳೆಯುತ್ತಿದ್ದಾರೆ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಪುಸ್ತಕದ ಪಟ್ಟಿಯಲ್ಲಿ ಇದಕ್ಕೆ ‘ಇನ್ನೊಬ್ಬರ ಮನಸ್ಸನ್ನು ಓದುವ ತಪ್ಪು’ ಎಂಬ ಹೆಸರಿದೆ. ಆ ಹುಡುಗ ತಪ್ಪಾಗಿ ಓದುತ್ತಿಲ್ಲ. ಸರಿಯಾಗಿ ಓದಲು ಅವನ ಅಜ್ಜನ ಕಾಲದಿಂದ ಕಲಿಸಲಾಗಿದೆ. ಹೆಸರು ಕೇಳಿದ ಮೇಲೆ ‘ಮನೆ ಬೇರೆಯವರಿಗೆ ಕೊಟ್ಟಾಯಿತು’ ಎನ್ನಿಸಿಕೊಂಡ ಮುಸ್ಲಿಂ ದಂಪತಿಯ ಕಳವಳಕ್ಕೂ ಇದೇ ಮಾತು. ಇಂಥವರ ಮುಂದೆ ‘ಬೇರೆ ವಿವರಣೆ ಇರಬಹುದೇ?’ ಎಂದು ಕೇಳುವುದು ಚಿಕಿತ್ಸೆ ಅಲ್ಲ, ಗಾಯದ ಮೇಲೆ ಬರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅವರು ಹಾಗೆ ನೋಡುತ್ತಾರೆ ಎಂಬುದು ನಿಜ; ಅದರಿಂದ ‘ನಾನು ಕೀಳು’ ಎಂಬ ತೀರ್ಮಾನಕ್ಕೆ ಮನಸ್ಸು ಯಾವಾಗ ಜಾರಿತು? ಆ ಜಾರುವ ಜಾಗದಲ್ಲಿ ಸಿಬಿಟಿ ಕೆಲಸ ಮಾಡಬಲ್ಲದು. ನಡೆದದ್ದರ ಬಗ್ಗೆ ತಕರಾರು ತೆಗೆಯದೆ, ಅದು ಮನಸ್ಸಿನಲ್ಲಿ ಊರಿದ ತೀರ್ಪನ್ನು ಮಾತ್ರ ಎತ್ತಿ ನೋಡಬೇಕು. ಜೊತೆಗೆ ಯಾರ ಬಳಿ ದೂರು ಕೊಡಬಹುದು, ಯಾರ ಜೊತೆ ಕುಳಿತು ಊಟ ಮಾಡಬಹುದು ಎಂಬ ಕಾಳಜಿಯೂ ಚಿಕಿತ್ಸೆಯ ಒಳಗೇ ಬರಬೇಕು.

ಕುಟುಂಬದ ವಿಷಯದಲ್ಲೂ ಹೀಗೆಯೇ. ‘ನೀವು ಹೀಗೆ ಅಂದಾಗ ನನಗೆ ನೋವಾಗುತ್ತದೆ’ ಎಂದು ಮುಖ ನೋಡಿ ಹೇಳುವುದನ್ನು ಸಿಬಿಟಿಯಲ್ಲಿ ಕಲಿಸುತ್ತಾರೆ. ಎಲ್ಲ ಮನೆಗಳಲ್ಲಿ ಇದು ಅಸಾಧ್ಯ ಎಂದು ನಾನು ಹೇಳುವುದಿಲ್ಲ. ಆದರೆ ಮನೆಗೆ ಮರಳಿ ಮಾವನಿಗೆ ಹೀಗೆ ಹೇಳಿದ ಮೇಲೆ ಆ ರಾತ್ರಿಯನ್ನು ಎದುರಿಸಬೇಕಾದವರು ಚಿಕಿತ್ಸಕರಲ್ಲ, ಸೊಸೆ. ನಮ್ಮ ಮನೆಗಳಲ್ಲಿ ಕಷ್ಟದ ಮಾತು ಸುತ್ತುದಾರಿಯಲ್ಲಿ ಹೋಗುತ್ತದೆ: ಅತ್ತಿಗೆಯ ಮೂಲಕ, ತವರಿನ ಸೋದರಮಾವನ ಮೂಲಕ, ಹಬ್ಬಕ್ಕೆ ಬಂದ ನಾದಿನಿಯ ಮೂಲಕ, ಸಮಯ ನೋಡಿಕೊಂಡು. ಪಾಕಿಸ್ತಾನದವರಿಗಾಗಿ ಸಿಬಿಟಿಯನ್ನು ಹೊಂದಿಸಿದ ಮನೋವೈದ್ಯ ಫಾರೂಕ್ ನಯೀಮ್ ಮತ್ತು ಸಂಗಡಿಗರು, ಹಿರಿಯರ ಮಾತಿಗೆ ಒಪ್ಪದಿರುವಾಗ ಮೊದಲು ಕ್ಷಮೆ ಕೇಳಿ ಆಮೇಲೆ ತನ್ನ ಮಾತು ಇಡುವುದನ್ನು ಒಂದು ಕೌಶಲವಾಗಿಯೇ ಕಲಿಸಿದರು. ‘ತಪ್ಪು ತಿಳಿಯಬೇಡಿ, ಒಂದು ಮಾತು ಹೇಳಲೇ?’ ಎಂದು ಶುರು ಮಾಡುವ ನಮ್ಮ ರೂಢಿಯೂ ಇದೇ. ಅದನ್ನು ಅಂಜಿಕೆ ಎಂದು ಬರೆದುಕೊಳ್ಳುವ ಚಿಕಿತ್ಸಕರಿಗೆ ನಮ್ಮ ಮನೆಗಳ ಒಳಗು ಗೊತ್ತಿಲ್ಲ.

ಈ ಹೊಂದಿಸುವ ಕೆಲಸ ಚೆನ್ನಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ನೆರೆಯ ದೇಶದ್ದು. ರಾವಲ್ಪಿಂಡಿಯ ಹಳ್ಳಿಗಳಲ್ಲಿ ಬಸುರಿ ಮತ್ತು ಬಾಣಂತಿಯರ ಖಿನ್ನತೆಗಾಗಿ ಮನೋವೈದ್ಯ ಆತಿಫ್ ರೆಹಮಾನ್ ಅವರ ತಂಡ ಸಿಬಿಟಿಯನ್ನು ಹೊಸದಾಗಿ ಕಟ್ಟಿತು. ಚಿಕಿತ್ಸೆ ಕೊಟ್ಟವರು ಮನಶ್ಶಾಸ್ತ್ರಜ್ಞರಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆ ಮನೆ ತಿರುಗುವ ಲೇಡಿ ಹೆಲ್ತ್ ವರ್ಕರ್‌ಗಳು. ಮಾನಸಿಕ ಕಾಯಿಲೆ ಎಂಬ ಹಣೆಪಟ್ಟಿಯನ್ನು ಮುಂದಿಡದೆ, ಮಗು ಚೆನ್ನಾಗಿ ಬೆಳೆಯಬೇಕು, ಅದಕ್ಕೆ ತಾಯಿಯ ಮನಸ್ಸು ಚೆನ್ನಾಗಿರಬೇಕು ಎಂಬ ದಾರಿಯಲ್ಲಿ ಹೋದರು. ಆ ಗುರಿಗೆ ಯಾವ ಅತ್ತೆಯೂ ಅಡ್ಡ ಬರುವುದಿಲ್ಲ. ಆಕೆಯೂ ಜೊತೆಗೆ ಕುಳಿತಳು. ಅಕ್ಷರ ಬಾರದವರಿಗೆ ಚಿತ್ರಗಳನ್ನು ತೋರಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಹೆರಿಗೆಯಾಗಿ ಆರು ತಿಂಗಳಿಗೆ ಈ ಆರೈಕೆ ಪಡೆದವರಲ್ಲಿ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು, ಪಡೆಯದವರಲ್ಲಿ ಶೇ 53. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಕೈಪಿಡಿಯಾಗಿ ಹೊರತಂದಿತು.

ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಇನ್ನೊಂದು ಬಗೆಯಲ್ಲಿ ಯೋಚಿಸಿದರು. ಯೋಚನೆಯನ್ನು ತರ್ಕಕ್ಕೆ ಹಚ್ಚುವ ಭಾಗವನ್ನು ಹಿಂದೆ ಸರಿಸಿ, ಖಿನ್ನತೆಯಿಂದ ಸೋತು ಕುಳಿತವರನ್ನು ಒಂದೊಂದೇ ಕೆಲಸಕ್ಕೆ ಮರಳಿ ಹಚ್ಚುವ ಭಾಗವನ್ನು ಮುಂದಕ್ಕೆ ತಂದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೃತ್ತಿಪರರಲ್ಲದ ಸಮಾಲೋಚಕರು, ಆರರಿಂದ ಎಂಟು ಭೇಟಿಗಳಲ್ಲಿ ಇದನ್ನು ಕೊಟ್ಟರು. ಮೂರು ತಿಂಗಳಲ್ಲಿ ಶೇ 64ರಷ್ಟು ಜನ ಚೇತರಿಸಿಕೊಂಡರು; ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 39. ಇಲ್ಲಿಯೂ ಹೊಂದಿಸುವ ಸೂಕ್ಷ್ಮ ಬೇಕು. ಇಂಗ್ಲಿಷ್ ಕೈಪಿಡಿಗಳ ‘ಸಂತೋಷ ಕೊಡುವ ಚಟುವಟಿಕೆ’ಗಳ ಪಟ್ಟಿಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಮಲಗುವುದೂ ಒಬ್ಬರೇ ಸಿನಿಮಾಕ್ಕೆ ಹೋಗುವುದೂ ಇರುತ್ತವೆ. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ದುಡಿಯುವ ಹೆಂಗಸಿಗೆ ಬೇಕಾಗಿರುವುದು ಇನ್ನೊಂದು ಚಟುವಟಿಕೆಯಲ್ಲ, ತನ್ನದೆನ್ನುವ ಹತ್ತು ನಿಮಿಷ. ತವರಿಗೆ ಫೋನು, ಜಗಲಿಯಲ್ಲಿ ಕುಳಿತು ಹೂ ಕಟ್ಟುವುದು, ಸ್ವಸಹಾಯ ಸಂಘದ ವಾರದ ಸಭೆಗೆ ತಪ್ಪದೆ ಹೋಗುವುದು, ಬಿಟ್ಟುಹೋಗಿದ್ದ ಭಜನೆ.

ಚಿಕಿತ್ಸಕರ ಸ್ಥಾನದ ಬಗ್ಗೆಯೂ ಒಂದು ಮಾತು. ಸಿಬಿಟಿಯಲ್ಲಿ ಚಿಕಿತ್ಸಕ ಸಿದ್ಧ ಉತ್ತರ ಕೊಡುವುದಕ್ಕಿಂತ ಪ್ರಶ್ನೆಗಳಿಂದ ದಾರಿ ತೋರಬೇಕು. ನಮ್ಮ ರೋಗಿಗೆ ಅದು ಬಹಳ ಸಲ ‘ಇವರಿಗೇ ಗೊತ್ತಿಲ್ಲ, ನನ್ನನ್ನು ಕೇಳುತ್ತಿದ್ದಾರೆ’ ಎಂದು ಕಾಣುತ್ತದೆ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಗುರು-ಚೇಲ ಸಂಬಂಧವನ್ನು ಭಾರತೀಯ ಮನೋಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟಿದ್ದರು. ಅದನ್ನು ಪೂರ್ತಿ ಒಪ್ಪಲು ನನಗೆ ಅಳುಕಿದೆ. ಗುರುವಿನ ಪೀಠದಲ್ಲಿ ಕುಳಿತವರಿಗೆ ಇಳಿಯುವುದು ಕಷ್ಟ. ಆದರೆ ಮೊದಲ ಭೇಟಿಯಲ್ಲಿ ರೋಗಿಗೆ ಕೈಯಲ್ಲಿ ಹಿಡಿದು ಹೋಗಲು ಏನಾದರೂ ಒಂದನ್ನು, ನಿದ್ದೆಗೆ ಒಂದು ಕ್ರಮವನ್ನೋ ಉಸಿರಾಟದ ಒಂದು ಅಭ್ಯಾಸವನ್ನೋ ಕೊಟ್ಟು ಕಳಿಸಬೇಕು. ಬರಿಗೈಯಲ್ಲಿ ಹೋದವರು ಎರಡನೆಯ ಭೇಟಿಗೆ ಬರುವುದಿಲ್ಲ.

ನಂಬಿಕೆಗಳ ವಿಷಯ ಕರ್ನಾಟಕಕ್ಕೆ ಹೊಸದಲ್ಲ. ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಜನರ ಮನಸ್ಸಿನ ಕಷ್ಟಗಳನ್ನು ಅವರು ಅಲ್ಲಿಯೇ ಇದ್ದು ದಾಖಲಿಸಿದರು. ಅಲ್ಲಿ ಡಾಕ್ಟರರ ಜೊತೆಗೆ ನಾಟಿ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಎಲ್ಲರೂ ಇದ್ದರು, ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗುತ್ತಿರಲಿಲ್ಲ. ಎಲ್ಲರ ಬಳಿಗೂ ಹೋಗುತ್ತಿದ್ದರು. ಇಂದೂ ಹಾಗೆಯೇ. ಇದನ್ನು ತಿಳಿದ ಚಿಕಿತ್ಸಕಿ ‘ಇದಕ್ಕೆ ಮನೆಯಲ್ಲಿ ಏನೆನ್ನುತ್ತಾರೆ? ಎಲ್ಲೆಲ್ಲಿ ತೋರಿಸಿದಿರಿ?’ ಎಂದು ಮೊದಲೇ ಕೇಳುತ್ತಾಳೆ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತನ್ನ ಕೈಪಿಡಿಯ ಐದನೆಯ ಆವೃತ್ತಿಗೆ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವನ್ನು ಸೇರಿಸಿದಾಗ ಅದರಲ್ಲಿದ್ದದ್ದೂ ಬಹುಪಾಲು ಇಂಥವೇ. ‘ಹಣೆಬರಹ’ ಎನ್ನುವವರೊಂದಿಗೆ ಹಣೆಬರಹ ಇದೆಯೋ ಇಲ್ಲವೋ ಎಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಆ ಮಾತು ಕೆಲವರಿಗೆ ಮಗ ಸತ್ತ ದುಃಖವನ್ನು ಹೊರಲು ಹೆಗಲಾಗುತ್ತದೆ, ಕೆಲವರಿಗೆ ಕುಡುಕ ಗಂಡನ ಏಟು ತಿನ್ನುತ್ತ ಇರಲು ಕಾರಣವಾಗುತ್ತದೆ. ಎದುರಿಗಿರುವವರಿಗೆ ಅದು ಯಾವುದು ಎಂಬುದನ್ನು ಕಂಡುಕೊಳ್ಳಬೇಕು.

ಇಷ್ಟೆಲ್ಲ ಹೊಂದಿಸಿದರೆ ಫಲ ಹೆಚ್ಚುತ್ತದೆಯೇ? 2006ರಲ್ಲಿ ಗ್ರೈನರ್ ಮತ್ತು ಸ್ಮಿತ್ ಎಂಬ ಸಂಶೋಧಕರು 76 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಮಧ್ಯಮ ಪ್ರಮಾಣದ ಲಾಭ ಇದೆ ಎಂದರು. ಅದರಲ್ಲಿ ನನ್ನ ಗಮನ ಸೆಳೆದದ್ದು ಒಂದು ವಿವರ: ಇಂಗ್ಲಿಷ್ ತಾಯಿನುಡಿಯಲ್ಲದವರಿಗೆ ಅವರದೇ ಭಾಷೆಯಲ್ಲಿ ಕೊಟ್ಟ ಚಿಕಿತ್ಸೆ, ಇಂಗ್ಲಿಷಿನಲ್ಲಿ ಕೊಟ್ಟದ್ದರ ಎರಡರಷ್ಟು ಪರಿಣಾಮ ತೋರಿತ್ತು. ಹೊಂದಿಸಿದ ಚಿಕಿತ್ಸೆಯನ್ನು ಹೊಂದಿಸದ ಅದೇ ಚಿಕಿತ್ಸೆಯೊಂದಿಗೆ ನೇರವಾಗಿ ಹೋಲಿಸಿದ ಅಧ್ಯಯನಗಳು ಕಡಿಮೆ. ಹೊಂದಿಸಿದ ಹತ್ತು ಅಂಶಗಳಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳುವುದೂ ಸುಲಭವಲ್ಲ. ಆದರೆ ರೋಗಿ ಮತ್ತೆ ಬರುತ್ತಾನೆ ಎಂಬುದೇ ಮೊದಲ ಲಾಭ. ಬಾರದವನಿಗೆ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ.

ನನಗೆ ಹೆಚ್ಚು ಭಯವಿರುವುದು ‘ಸಂಸ್ಕೃತಿ’ ಎಂಬ ಪದವನ್ನೇ ಅಚ್ಚು ಮಾಡಿಕೊಂಡು ಎದುರಿಗಿರುವವರನ್ನು ಅದರೊಳಗೆ ಒತ್ತುವ ಬಗ್ಗೆ. ಭಾರತೀಯರು ಕುಟುಂಬಪ್ರಿಯರು ಎಂದು ಓದಿಕೊಂಡ ಚಿಕಿತ್ಸಕ, ಮನೆಯಿಂದ ಓಡಿ ಬಂದ ಹುಡುಗಿಗೆ ಮನೆಯ ಮಹತ್ವವನ್ನು ವಿವರಿಸುತ್ತಾನೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗನೊಬ್ಬ ದಿನಕ್ಕೆರಡು ಸಲ ಊರಿಗೆ ಫೋನು ಮಾಡುತ್ತಾನೆ ಎಂದರೆ ಒಬ್ಬ ಚಿಕಿತ್ಸಕಿಗೆ ಅದು ರೋಗವಾಗಿ ಕಾಣುತ್ತದೆ, ಇನ್ನೊಬ್ಬಳಿಗೆ ‘ಅವರಲ್ಲಿ ಹಾಗೆಯೇ’ ಎಂದು ಸಹಜವಾಗಿ ಕಾಣುತ್ತದೆ. ಆ ಫೋನು ಅವನಿಗೆ ಸಾಂತ್ವನವೋ ಸಂಕೋಲೆಯೋ ಎಂದು ಇಬ್ಬರೂ ಕೇಳುವುದಿಲ್ಲ. ಕರ್ನಾಟಕದ ಒಳಗೇ ಕಲಬುರಗಿಯ ಕನ್ನಡ ಮಂಗಳೂರಿನವರಿಗೆ ಒರಟಾಗಿ ಕೇಳುತ್ತದೆ. ಆ ಒರಟನ್ನು ಸಿಟ್ಟು ಎಂದು ಕಡತದಲ್ಲಿ ಬರೆದುಬಿಟ್ಟರೆ ಅದು ಮುಂದಿನ ವೈದ್ಯರವರೆಗೂ ಹೋಗುತ್ತದೆ. ‘ಹೊಂದಿಕೊಂಡು ಹೋಗು’ ಎಂಬುದು ನಮ್ಮ ಸಂಸ್ಕೃತಿ ಎಂದು ಹೇಳುವವರು ಯಾರು, ಹೊಂದಿಕೊಳ್ಳುತ್ತಿರುವವರು ಯಾರು ಎಂದು ಪ್ರತಿ ಸಲ ನೋಡಲೇಬೇಕು.

ಮನೋವೈದ್ಯಕೀಯವನ್ನು ಕನ್ನಡದಲ್ಲಿ ಬರೆಯುವುದು ನಮಗೆ ಹೊಸದಲ್ಲ; 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಶಿವರಾಂ ಅವರ ‘ಮನಮಂಥನ’ ಇದೇ ವಿಷಯದ ಪುಸ್ತಕ. ಆಮೇಲೆ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಬರೆದಿದ್ದಾರೆ. ಕೊರತೆ ಇರುವುದು ಚಿಕಿತ್ಸಾ ಕೋಣೆಯೊಳಗಿನ ಕನ್ನಡಕ್ಕೆ. ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಒಂದು ಪೂರ್ತಿ ಭೇಟಿಯನ್ನು ಕನ್ನಡದಲ್ಲಿ ನಡೆಸಿ, ಅದರ ಬಗ್ಗೆ ಹಿರಿಯರೊಂದಿಗೆ ಕನ್ನಡದಲ್ಲೇ ಚರ್ಚಿಸುವ ಅಭ್ಯಾಸ ತರಬೇತಿಯ ಭಾಗವಾಗಬೇಕು. ಬರೆಯಲಾರದವರಿಗೆ ಮೊಬೈಲಿನಲ್ಲಿ ದನಿ ಮುದ್ರಿಸಿ ತರಲು ಹೇಳಬಹುದು. ಇವು ದೊಡ್ಡ ಹಣ ಬೇಡುವ ಕೆಲಸಗಳಲ್ಲ.

ಗೆಳತಿಯ ಹಾಳೆ ಈಗ ಐದು ಸಲ ಬದಲಾಗಿದೆ. ‘ಸಾಕ್ಷ್ಯ’ ಇದ್ದ ಅಂಕಣದಲ್ಲಿ ‘ಹೀಗೆ ಅನಿಸುವಂಥದ್ದು ಏನು ನಡೆಯಿತು? ಹಾಗಲ್ಲ ಅನಿಸುವಂಥದ್ದು ಎಂದಾದರೂ ನಡೆದಿದೆಯೇ?’ ಎಂದಿದೆ. ನೂರಕ್ಕೆ ಎಷ್ಟು ಎಂಬುದರ ಬದಲು ರೂಪಾಯಿಗೆ ಎಷ್ಟಾಣೆ ಎಂದಿದೆ, ವಯಸ್ಸಾದವರಿಗೆ ಅದೇ ಸಲೀಸು. ಆ ಹೆಂಗಸು ಎರಡು ತಿಂಗಳ ಕಾಲ ಬಂದರು. ಹಾಳೆಯನ್ನು ಏಳನೆಯ ತರಗತಿಯ ಮೊಮ್ಮಗಳ ಕೈಯಲ್ಲಿ ಬರೆಸಿಕೊಂಡು ತರುತ್ತಿದ್ದರು. ಹಾಗೆ ಬರೆಸುವಾಗ ಆ ಹುಡುಗಿಗೆ ಅಜ್ಜಿಯ ಮನಸ್ಸಿನ ಮಾತು ಮೊದಲ ಸಲ ಕೇಳಿಸಿತು. ಕೊನೆಯ ಸಲ ಬಂದಾಗ ನಿದ್ದೆ ಪರವಾಗಿಲ್ಲ ಎಂದರು. ‘ನಾನು ಭಾರ’ ಎಂಬುದು ಎಷ್ಟಾಣೆ ಇದೆ ಎಂದು ಗೆಳತಿ ಕೇಳಿದಳು. ಹದಿನಾಲ್ಕಾಣೆ ಇದ್ದದ್ದು ಎಂಟಾಣೆಗೆ ಬಂದಿದೆ ಎಂದರು.

‘ಉಳಿದ ಎಂಟಾಣೆ?’

‘ಅದು ನನ್ನ ಮನಸ್ಸಿನಲ್ಲಿ ಇಲ್ಲ ಡಾಕ್ಟರಮ್ಮ, ಮನೆಯಲ್ಲಿ ಇದೆ.’

ಗೆಳತಿ ಚೀಟಿಯ ಹಿಂಬದಿಯಲ್ಲಿ ಮುಂದಿನ ತಾರೀಖು ಬರೆದು, ಸೊಸೆಯನ್ನೂ ಕರೆದುಕೊಂಡು ಬರಲು ಹೇಳಿದಳು.